ಮಲೆನಾಡಿನ ಮನೆಗೆ ಮೊದಲ ಹ್ಯಾಮ್ ಆಂಟೆನಾ: ಮಳೆಗಾಲಕ್ಕೆ ಮುಂಚೆ ಯಾವುದನ್ನು ಕಟ್ಟಲಿ?

ಕೊಟ್ಟಿಗೆಹಾರದ ಹತ್ತಿರ · ಏಪ್ರಿಲ್ 19, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನವನು. ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ ನಮ್ಮ ಕಾಫಿ ತೋಟ, ಮನೆ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರೀಕ್ಷೆಯಲ್ಲಿ ರೆಸ್ಟ್ರಿಕ್ಟೆಡ್ ಗ್ರೇಡ್ ಪಾಸಾಗಿ, ಈ ತಿಂಗಳು ವಿಯು3 ಎಂದು ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ನನ್ನ ಗುರುತು) ಕೈಗೆ ಬಂದಿದೆ.

ಈ ಪರೀಕ್ಷೆ ಯಾಕೆ ಬರೆದೆ ಅಂದರೆ, 2019ರ ಆಗಸ್ಟ್. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಕರೆಂಟ್ ಮೊದಲೇ ಹೋಗಿತ್ತು. ಟವರ್‌ನ ಬ್ಯಾಟರಿ ಮುಗಿದ ಮೇಲೆ ಮೊಬೈಲ್ ಕೂಡ ಹೋಯಿತು. ಅಪ್ಪನ ಇನ್ಸುಲಿನ್ ಮುಗಿಯುತ್ತಾ ಬಂದಿತ್ತು. ತಮ್ಮ ಬಿದ್ದ ಮರಗಳನ್ನು ದಾಟಿಕೊಂಡು ನಡೆದೇ ಹೋಗಿ ತಂದ. ಬೆಂಗಳೂರಿನಲ್ಲಿರುವ ಅಕ್ಕನಿಗೆ ಐದು ದಿನ ನಮ್ಮ ಸುದ್ದಿಯೇ ಇರಲಿಲ್ಲ. ಆಮೇಲೆ ಸಿಗ್ನಲ್ ಬಂದಾಗ ಅವಳಿಗೆ ಮಾತೇ ಹೊರಡಲಿಲ್ಲ, ಅತ್ತುಬಿಟ್ಟಳು.

ಈಗ ನನ್ನ ಹತ್ತಿರ ಇರುವುದು 5 ವಾಟ್‌ನ ಒಂದು ಹ್ಯಾಂಡಿ (ಕೈಯಲ್ಲಿ ಹಿಡಿಯುವ ವಾಕಿಟಾಕಿ), ಅದರ ಜೊತೆ ಬಂದ ಗಿಡ್ಡ ರಬ್ಬರ್ ಆಂಟೆನಾ. ಹಿರಿಯ ಹ್ಯಾಮ್ ಒಬ್ಬರು ತಮ್ಮ ಹಳೆಯ 100 ವಾಟ್‌ನ ಎಚ್‌ಎಫ್ ರಿಗ್, ಅಂದರೆ ದೂರಕ್ಕೆ ಮಾತಾಡುವ ರೇಡಿಯೋ, ಕೊಡುತ್ತೇನೆ ಅಂದಿದ್ದಾರೆ. ಆಂಟೆನಾ ಬಗ್ಗೆ ಓದಿದಷ್ಟೂ ತಲೆ ಗೊಂದಲವಾಗುತ್ತಿದೆ. ಜೆ-ಪೋಲ್ ಅಂತಾರೆ, ಯಾಗಿ ಅಂತಾರೆ, ಡೈಪೋಲ್ ಅಂತಾರೆ. ನನಗೆ ಬೇಕಾಗಿರುವುದು ಸರಳವಾದದ್ದು. ಜೂನ್ ಒಳಗೆ ಕಟ್ಟಿ ಮುಗಿಸಬೇಕು. ಯಾವುದರಿಂದ ಶುರು ಮಾಡಲಿ?

ಸಕ್ಕರೆನಾಡು ರೇಡಿಯೋ · ಏಪ್ರಿಲ್ 19, ರಾತ್ರಿ 9:48

ಕಾಲ್‌ಸೈನ್ ಬಂದಿದ್ದಕ್ಕೆ ಅಭಿನಂದನೆ. ನನ್ನ ಸಲಹೆ, ಸುಮ್ನೆ ಒಂದು ಒಳ್ಳೆಯ ಡ್ಯುಯಲ್ ಬ್ಯಾಂಡ್ ವರ್ಟಿಕಲ್ ಆಂಟೆನಾ ತಗೊಂಡು ಮನೆ ಮೇಲೆ ನಿಲ್ಲಿಸಿ. ಮಂಡ್ಯದಲ್ಲಿ ನಮ್ಮ ಮನೆಯಿಂದ ಹಾಗೇ ಮೈಸೂರಿನವರ ಜೊತೆ ಆರಾಮಾಗಿ ಮಾತಾಡುತ್ತೇನೆ.

ಹಳೇ ಕೀಲಿ · ಏಪ್ರಿಲ್ 19, ರಾತ್ರಿ 10:30

ಮಂಡ್ಯದ ಬಯಲಿಗೂ ಮೂಡಿಗೆರೆಯ ಗುಡ್ಡಕ್ಕೂ ಬಹಳ ವ್ಯತ್ಯಾಸ ಇದೆ ತಮ್ಮಾ. 145 ಮೆಗಾಹರ್ಟ್ಸ್‌ನ ಅಲೆ ಹೆಚ್ಚುಕಡಿಮೆ ಕಣ್ಣು ಹೋದ ಕಡೆಗೇ ಹೋಗುವುದು. ಎದುರಿಗೆ ಬೆಟ್ಟ ಇದ್ದರೆ ಅಲ್ಲಿಗೇ ಮುಗಿಯಿತು. ಹತ್ತು ಸಾವಿರದ ಆಂಟೆನಾ ಹಾಕಿದರೂ ಬೆಟ್ಟವನ್ನು ಕೊರೆದುಕೊಂಡು ಹೋಗುವುದಿಲ್ಲ.

ಹಾಗಾಗಿ ಆಂಟೆನಾ ಯಾವುದು ಅಂತ ಕೇಳುವ ಮೊದಲು ಒಂದು ಕಾಗದದ ಮೇಲೆ ಬರೆಯಿರಿ: ಆ ಐದು ದಿನ ನೀವು ಯಾರ ಜೊತೆ ಮಾತಾಡಬೇಕಿತ್ತು? ಅವರು ಎಷ್ಟು ದೂರ? ನಡುವೆ ಏನಿದೆ? ನಿಮ್ಮ ಮನೆಯ ಸುತ್ತ ಯಾವ ಮರ ಇದೆ, ಎಷ್ಟು ಎತ್ತರ, ಕರೆಂಟ್ ತಂತಿ ಎಲ್ಲಿ ಹಾದುಹೋಗಿದೆ, ಅದನ್ನೂ ಬರೆದು ಹಾಕಿ. ಆಮೇಲೆ ಮಾತಾಡೋಣ.

ಕೊಟ್ಟಿಗೆಹಾರದ ಹತ್ತಿರ · ಏಪ್ರಿಲ್ 20, ಬೆಳಿಗ್ಗೆ 7:15

ಸರ್, ಬರೆದೆ.

ಒಂದು, ಬೆಂಗಳೂರು. ನೇರ ಗೆರೆ ಎಳೆದರೆ 200 ಕಿಲೋಮೀಟರ್ ಮೇಲೆ. ಎರಡು, ಚಿಕ್ಕಮಗಳೂರು, ಜಿಲ್ಲಾ ಕೇಂದ್ರ. ನಡುವೆ ಗುಡ್ಡಗಳ ಸಾಲು. ಮೂರು, ನಮ್ಮ ಊರಿನದೇ ಏಳೆಂಟು ಮನೆ, ಎಲ್ಲ 3 ಕಿಲೋಮೀಟರ್ ಒಳಗೆ.

ಮನೆ ಇರುವುದು ತಗ್ಗಿನಲ್ಲಿ. ಮೂರು ಕಡೆ ಗುಡ್ಡ. ಹೆಂಚಿನ ಮನೆ, ಪಕ್ಕದಲ್ಲಿ ಕಾಫಿ ಒಣಗಿಸುವ ಕಣ. ಕಣದ ಆಚೆ ಈಚೆ ಸಿಲ್ವರ್ ಮರಗಳಿವೆ, ನೆಟ್ಟಗೆ, 50 ಅಡಿಗೂ ಜಾಸ್ತಿ. ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕರೆಂಟ್ ತಂತಿ ಮನೆಯ ಮುಂದುಗಡೆ ಮಾತ್ರ, ಕಣದ ಕಡೆ ಇಲ್ಲ.

ಹಳೇ ಕೀಲಿ · ಏಪ್ರಿಲ್ 20, ಬೆಳಿಗ್ಗೆ 8:40

ಕಣದ ಎರಡೂ ಬದಿಗೆ ಸಿಲ್ವರ್ ಮರ! ಹ್ಯಾಮ್‌ಗೆ ಇದಕ್ಕಿಂತ ಒಳ್ಳೆಯ ಕಂಬ ಸಿಗುವುದಿಲ್ಲ.

ನಿಮ್ಮ ಪಟ್ಟಿಯ ಮೊದಲ ಎರಡಕ್ಕೆ ಉತ್ತರ ಒಂದೇ: 40 ಮೀಟರ್ ಬ್ಯಾಂಡ್‌ಗೆ (7 ಮೆಗಾಹರ್ಟ್ಸ್ ಸುತ್ತಿನ ಅಲೆಗಳಿಗೆ) ತಂತಿಯ ಡೈಪೋಲ್, ಅಂದರೆ ನಡುವೆ ಕತ್ತರಿಸಿ ಅಲ್ಲಿಗೆ ರೇಡಿಯೋದ ಕೇಬಲ್ ಸೇರಿಸಿದ ಉದ್ದ ತಂತಿ. ಅದನ್ನು ತಗ್ಗಾಗಿಯೇ ಕಟ್ಟಬೇಕು. ನೆಲದಿಂದ 5–6 ಮೀಟರ್ ಸಾಕು. ಎತ್ತರ ಕಟ್ಟಿದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ದೂರದ ದೇಶದ ಜೊತೆ ಮಾತಾಡಲು ಅದು ನಿಜ. ನಿಮಗೆ ಬೇಕಿರುವುದು ಬೆಂಗಳೂರು, ಚಿಕ್ಕಮಗಳೂರು. ತಗ್ಗಿನ ಡೈಪೋಲ್‌ನ ಶಕ್ತಿ ಹೆಚ್ಚಿನಂಶ ನೆಟ್ಟಗೆ ಆಕಾಶಕ್ಕೆ ಹೋಗುತ್ತದೆ. ಮೇಲೆ ವಾತಾವರಣದ ವಿದ್ಯುತ್ ಪದರವಾದ ಅಯಾನುಗೋಳಕ್ಕೆ ತಾಗಿ, ಕೊಡೆ ಬಿಚ್ಚಿದ ಹಾಗೆ ಸುತ್ತಲೂ ಕೆಳಗೆ ಇಳಿಯುತ್ತದೆ. ಮನೆ ಬಾಗಿಲಿನಿಂದ ಹಿಡಿದು ಸುಮಾರು 400 ಕಿಲೋಮೀಟರ್‌ವರೆಗೆ ನಡುವೆ ಖಾಲಿ ಜಾಗ ಇಲ್ಲದೆ ಕೇಳುತ್ತದೆ. ಬೆಟ್ಟ ಅಡ್ಡ ಬರುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಅಲೆ ಬರುವುದು ತಲೆ ಮೇಲಿಂದ. ಇದಕ್ಕೆ ಎನ್‌ವಿಐಎಸ್ ಅನ್ನುತ್ತಾರೆ. ತಗ್ಗಿನಲ್ಲಿರುವ ಮನೆಗೆ ಇದು ಹೇಳಿ ಮಾಡಿಸಿದ್ದು.

ಇನ್ನೊಂದು ಅನುಕೂಲ ನಮ್ಮ ದಕ್ಷಿಣ ಭಾರತಕ್ಕೇ ಸಿಕ್ಕಿದ್ದು. ಭೂಮಿಯ ಕಾಂತೀಯ ಸಮಭಾಜಕ ರೇಖೆ ನಮ್ಮ ದಕ್ಷಿಣದ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ಭಾರತದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾ ಅನ್ನುವ ಊರನ್ನು ಆರಿಸಿಕೊಂಡಿದ್ದೇ ಅದಕ್ಕೆ. ಈ ಭಾಗದಲ್ಲಿ ಹಗಲು ಹೊತ್ತು ಅಯಾನುಗೋಳ ಗಟ್ಟಿಯಾಗಿರುತ್ತದೆ, 7 ಮೆಗಾಹರ್ಟ್ಸ್ ನೆಟ್ಟಗೆ ಮೇಲೆ ಹೋದರೂ ವಾಪಸ್ ಬರುತ್ತದೆ.

ಅಳತೆ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಮೀಟರ್‌ನಲ್ಲಿ ಒಟ್ಟು ಉದ್ದ ಬರುತ್ತದೆ. 7.1ಕ್ಕೆ ಸುಮಾರು 20.1 ಮೀಟರ್. ನಡುವೆ ಕತ್ತರಿಸಿ, ಒಂದೊಂದು ಕಾಲು 10 ಮೀಟರ್ ಚಿಲ್ಲರೆ. ಮನೆ ವೈರಿಂಗ್‌ನ 1.5 ಎಂಎಂ ತಾಮ್ರದ ವೈರೇ ಸಾಕು. ಮೊದಲು ಒಂದೊಂದು ಕಾಲಿಗೂ ಅರ್ಧ ಮೀಟರ್ ಜಾಸ್ತಿ ಇಟ್ಟು ಕತ್ತರಿಸಿ.

ಕೆರೊಲಿನಾ ಕನ್ನಡಿಗ · ಏಪ್ರಿಲ್ 20, ಸಂಜೆ 5:05

ನಾನು ಹಾಸನದವನು, ಈಗ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇನೆ. ಹಳೇ ಕೀಲಿ ಸರ್ ಮಾತಿಗೆ ಎದುರಾಡುತ್ತಿಲ್ಲ. ಆದರೆ ವಿಎಚ್‌ಎಫ್, ಅಂದರೆ ನಿಮ್ಮ ಹ್ಯಾಂಡಿಯ 145 ಮೆಗಾಹರ್ಟ್ಸ್ ಕಡೆಯದನ್ನು, ಬಿಡಬೇಡಿ ಅನ್ನುವುದಕ್ಕೆ ಬರೆಯುತ್ತಿದ್ದೇನೆ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಬಂದಾಗ ಈ ರಾಜ್ಯದ ಪಶ್ಚಿಮದ ಬೆಟ್ಟಗಳಲ್ಲಿ ಕರೆಂಟ್, ಫೋನ್, ರಸ್ತೆ ಎಲ್ಲ ಒಟ್ಟಿಗೆ ಹೋದವು. ಆಗ ಮೌಂಟ್ ಮಿಚೆಲ್ ಬೆಟ್ಟದ ಮೇಲಿನ ಹ್ಯಾಮ್ ರಿಪೀಟರ್ (ಕೇಳಿದ ಮಾತನ್ನು ಮತ್ತೆ ಗಟ್ಟಿಯಾಗಿ ಪ್ರಸಾರ ಮಾಡುವ ಯಂತ್ರ) ಕೆಲಸ ಮಾಡುತ್ತಿತ್ತು. ಸುತ್ತಮುತ್ತ ಸಿಕ್ಕಿಬಿದ್ದವರ ಸುದ್ದಿ ಅದರ ಮೂಲಕವೇ ಹೊರಗೆ ಬಂತು. ನಾನು ಮನೆಯಲ್ಲಿ ಕೂತು ದಿನಗಟ್ಟಲೆ ಕೇಳಿದ್ದೇನೆ. ಯಾವ ಮನೆಯಲ್ಲಿ ಆಕ್ಸಿಜನ್ ಮುಗಿಯುತ್ತಿದೆ, ಯಾವ ರಸ್ತೆಯಲ್ಲಿ ಸೇತುವೆ ಇಲ್ಲ, ಇಂಥದ್ದೇ. ಎತ್ತರದಲ್ಲಿ ಒಂದು ರಿಪೀಟರ್ ಇದ್ದು ಅದಕ್ಕೆ ಬ್ಯಾಟರಿ ಇದ್ದರೆ, ಕೈಯಲ್ಲಿನ ಹ್ಯಾಂಡಿಗೆ ಬಹಳ ಬೆಲೆ ಬರುತ್ತದೆ. ಹಾಗಾಗಿ ನಿಮ್ಮ ಗುಡ್ಡದ ನೆತ್ತಿಗೆ ಒಂದು ದಿನ ಹ್ಯಾಂಡಿ ಹಿಡಿದು ಹೋಗಿ, ಯಾವ ರಿಪೀಟರ್ ಸಿಗುತ್ತದೆ ನೋಡಿ ಬನ್ನಿ.

ಎಚ್‌ಎಫ್‌ಗೆ ನಾನು ಬಳಸುವುದು ಎಂಡ್ ಫೆಡ್. ಒಂದೇ ತಂತಿ, ಒಂದೇ ತುದಿಯಿಂದ ಕೇಬಲ್. ಒಂದೇ ಮರ ಸಾಕು. ಡೈಪೋಲ್‌ಗಿಂತ ಸುಲಭ ಅಲ್ವಾ?

ಶಿರಸಿ ತೋಟದಿಂದ · ಏಪ್ರಿಲ್ 20, ರಾತ್ರಿ 8:20

ಕಟ್ಟುವುದು ಸುಲಭ, ಸರಿ ಮಾಡುವುದು ಕಷ್ಟ ಅಣ್ಣಾ. ಅರ್ಧ ಅಲೆಯ ತಂತಿಯ ತುದಿಯಲ್ಲಿ ಇಂಪೆಡೆನ್ಸ್, ಅಂದರೆ ರೇಡಿಯೋ ಶಕ್ತಿಗೆ ಒಡ್ಡುವ ಅಡ್ಡಿ, ಕೆಲವು ಸಾವಿರ ಓಂ ಇರುತ್ತದೆ. ಅದನ್ನು ರಿಗ್‌ಗೆ, ಕೇಬಲ್‌ಗೆ ಹೊಂದುವ 50 ಓಂಗೆ ಇಳಿಸಲು 49ಕ್ಕೆ 1ರ ಟ್ರಾನ್ಸ್‌ಫಾರ್ಮರ್ ಬೇಕು. ಅದಕ್ಕೆ ಸರಿಯಾದ ಫೆರೈಟ್ ಉಂಗುರ ಸಿಗಬೇಕು. ನಾನು ಮೊದಲ ಸಲ ಆನ್‌ಲೈನ್‌ನಲ್ಲಿ ರೆಡಿಮೇಡ್ ತರಿಸಿದ್ದೆ. 100 ವಾಟ್ ಅಂತ ಬರೆದಿತ್ತು. 50 ವಾಟ್‌ನಲ್ಲಿ ಹತ್ತು ನಿಮಿಷ ಮಾತಾಡಿದ್ದಕ್ಕೆ ಡಬ್ಬಿ ಬಿಸಿಯಾಗಿ, ಒಳಗಿನ ಉಂಗುರ ಎರಡು ಹೋಳಾಯಿತು. ಅದು ಪ್ರವಾಹದ ದಿನ ಆಗಿದ್ದರೆ ನನ್ನ ಗತಿ ಏನು?

ಡೈಪೋಲ್‌ನಲ್ಲಿ ಸುಡುವ ವಸ್ತು ಇಲ್ಲ. ತಂತಿ ತುಂಡಾದರೆ ತಿರುಚಿ ಜೋಡಿಸಿದರೆ ಆಯಿತು. ರಾತ್ರಿ ಟಾರ್ಚ್ ಹಿಡಿದು, ಮಳೆಯಲ್ಲಿ ನಿಂತು ರಿಪೇರಿ ಮಾಡಬಹುದಾದದ್ದೇ ನನ್ನ ಲೆಕ್ಕದಲ್ಲಿ ಆಪತ್ಕಾಲದ ಆಂಟೆನಾ. ಹೊಸಬರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಕಟ್ಟುವ ವಿಷಯ. ಇನ್ಸುಲೇಟರ್‌ಗೆ ಪೇಟೆ ಅಲೆಯಬೇಡಿ. ನಿಮ್ಮ ಕಡೆ ಆನೆಗೆ ಸೋಲಾರ್ ಬೇಲಿ ಹಾಕಿರುತ್ತಾರಲ್ಲ, ಅದರ ಪ್ಲಾಸ್ಟಿಕ್ ಇನ್ಸುಲೇಟರ್ ತುಂಬಾ ಚೆನ್ನಾಗಿ ಆಗುತ್ತದೆ. ಇಲ್ಲದಿದ್ದರೆ ಅರ್ಧ ಇಂಚಿನ ಪಿವಿಸಿ ಪೈಪ್ ಗೇಣುದ್ದ ಕತ್ತರಿಸಿ ಎರಡು ತೂತು ಕೊರೆಯಿರಿ. ಮರಕ್ಕೆ ತಂತಿಯನ್ನು ಬಿಗಿಯಾಗಿ ಕಟ್ಟಲೇಬೇಡಿ. ಗಾಳಿಗೆ ಮರ ತೂಗಿದರೆ ಮೊದಲ ದಿನವೇ ಹರಿಯುತ್ತದೆ. ಒಂದು ತುದಿಗೆ ಚಿಕ್ಕ ರಾಟೆ ಹಾಕಿ, ಹಗ್ಗದ ಕೊನೆಗೆ ಮರಳು ತುಂಬಿದ ಬಾಟಲಿ ನೇತುಹಾಕಿ. ಮರ ಬಾಗಿದರೆ ಬಾಟಲಿ ಮೇಲೇರುತ್ತದೆ, ತಂತಿ ಉಳಿಯುತ್ತದೆ. ನಮ್ಮ ಅಡಿಕೆ ಮರಗಳು ಹೇಗೆ ತೂಗುತ್ತವೆ ಗೊತ್ತಲ್ಲ, ನನ್ನದು ಮೂರು ಮಳೆಗಾಲ ಕಂಡಿದೆ.

ಹಗ್ಗ ಮೇಲಕ್ಕೆ ಹಾಯಿಸಲು ನಾನು ಕೊನೆ ಕೊಯ್ಯುವ ದೋಟಿ ಬಳಸುತ್ತೇನೆ. ತುದಿಗೆ ಹಗ್ಗ ಸಿಕ್ಕಿಸಿ ಕೊಂಬೆಯ ಮೇಲೆ ದಾಟಿಸಿದರೆ ಮುಗಿಯಿತು, ಮರ ಹತ್ತುವ ಕೆಲಸ ಇಲ್ಲ.

ಮೇಷ್ಟ್ರ ಮಗಳು · ಏಪ್ರಿಲ್ 20, ರಾತ್ರಿ 9:00

ದೋಟಿ ಅಂದ ತಕ್ಷಣ ಹೇಳಲೇಬೇಕು. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ. ಅಲ್ಯೂಮಿನಿಯಂ ಏಣಿಯಲ್ಲಂತೂ ಹರಿದೇ ಹರಿಯುತ್ತದೆ. ಮೆಣಸು ಕೊಯ್ಯುವಾಗ ಏಣಿ ಕರೆಂಟ್ ತಂತಿಗೆ ತಾಗಿ ಜೀವ ಹೋದ ಸುದ್ದಿಯನ್ನು ನಮ್ಮ ಕಡೆಯವರೆಲ್ಲ ಓದಿದ್ದೇವೆ. ಆಂಟೆನಾ ತಂತಿಯೂ ಅಷ್ಟೇ. ಕರೆಂಟ್ ತಂತಿಯ ಮೇಲೆ ದಾಟಿಸಬಾರದು, ಕೆಳಗೆ ಹಾಯಿಸಬಾರದು. ಹರಿದು ಬಿದ್ದರೂ, ಗಾಳಿಗೆ ಹಾರಿದರೂ ತಲುಪದಷ್ಟು ದೂರ ಇರಬೇಕು. ಕಣದ ಕಡೆ ಕಟ್ಟುತ್ತೀರಿ ಅನ್ನುವುದು ಸಮಾಧಾನ.

ಇನ್ನು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಜೂನ್‌ನ ಮಳೆಗಿಂತ ಅಪಾಯ. ಮಾತು ಮುಗಿದ ಮೇಲೆ ಕೇಬಲ್ ಬಿಚ್ಚಿ ಕಿಟಕಿಯಿಂದ ಹೊರಗೆ ಹಾಕಿ. ಗುಡುಗು ಕೇಳಿದ ಮೇಲೆ ಬಿಚ್ಚಲು ಹೋಗಬೇಡಿ. ದಿನಾ ರಾತ್ರಿ ಬಿಚ್ಚಿಡುವ ಅಭ್ಯಾಸ ಮಾಡಿಕೊಳ್ಳಿ. ಮಕ್ಕಳ ಕೈಗೆ ತಂತಿಯ ತುದಿ ಸಿಗದ ಹಾಗೆ ಎತ್ತರದಲ್ಲಿರಲಿ. ಮಾತಾಡುವಾಗ ಡೈಪೋಲ್‌ನ ತುದಿಗಳಲ್ಲಿ ವೋಲ್ಟೇಜ್ ಜಾಸ್ತಿ, ಮುಟ್ಟಿದರೆ ಸುಡುತ್ತದೆ.

ಕೊಟ್ಟಿಗೆಹಾರದ ಹತ್ತಿರ · ಏಪ್ರಿಲ್ 21, ಬೆಳಿಗ್ಗೆ 6:50

ಮೇಡಂ, ಬಿದಿರಿನ ಏಣಿಯೇ ಬಳಸುತ್ತೇನೆ. ಅಪ್ಪನಿಗೂ ಓದಿ ಹೇಳಿದೆ.

ನನ್ನ ಪಟ್ಟಿಯ ಮೂರನೆಯದು ಉಳಿಯಿತು, ಊರಿನ ಏಳೆಂಟು ಮನೆ. ಅಲ್ಲಿಗೆ ಹ್ಯಾಂಡಿ ಸಾಕಾಗುತ್ತದಾ? ಮತ್ತೆ ಕೇಬಲ್ ಯಾವುದು ತರಲಿ? ಇಲ್ಲಿ ಅಂಗಡಿಯಲ್ಲಿ ಸಿಗುವುದು ಟಿವಿ ಡಿಶ್‌ನ ಕೇಬಲ್ ಮಾತ್ರ.

ಹಳೇ ಕೀಲಿ · ಏಪ್ರಿಲ್ 21, ಬೆಳಿಗ್ಗೆ 9:25

ಮೊದಲು ಲೈಸೆನ್ಸ್ ಮಾತು. ಹ್ಯಾಮ್ ಬ್ಯಾಂಡ್‌ನಲ್ಲಿ ಆ ಮನೆಗಳವರು ಮಾತಾಡಬೇಕಾದರೆ ಅವರಿಗೂ ಲೈಸೆನ್ಸ್ ಬೇಕು. 12 ವರ್ಷ ತುಂಬಿದವರು ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ರೆಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಬೇಡ. ಮನೆಗೊಬ್ಬರು ಬರೆದರೆ ಎಷ್ಟು ಚೆನ್ನ! ಅಲ್ಲಿಯವರೆಗೆ 446 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ಚಿಕ್ಕ ಸೆಟ್‌ಗಳಿವೆ. ಶಕ್ತಿ ಅರ್ಧ ವಾಟ್ ಮಾತ್ರ, ಆಂಟೆನಾ ಬದಲಾಯಿಸುವ ಹಾಗಿಲ್ಲ. ಒಂದೇ ಓರೆಯಲ್ಲಿರುವ ಮನೆಗಳಿಗೆ ಆದೀತು, ಗುಡ್ಡದ ಆಚೆಗೆ ಆಗದು. ಆನ್‌ಲೈನ್‌ನಲ್ಲಿ ಸಿಗುವ 5 ವಾಟ್ ಹ್ಯಾಂಡಿ ತರಿಸಿ ಎಲ್ಲರಿಗೂ ಹಂಚುವ ಯೋಚನೆ ಬೇಡ, ಅದು ಕಾನೂನಿಗೆ ವಿರುದ್ಧ.

ನಿಮ್ಮ ಹ್ಯಾಂಡಿಗೆ 2 ಮೀಟರ್ ಬ್ಯಾಂಡ್‌ನ (145 ಮೆಗಾಹರ್ಟ್ಸ್ ಸುತ್ತಿನ) ಗ್ರೌಂಡ್ ಪ್ಲೇನ್ ಅನ್ನುವ ಆಂಟೆನಾ ಮಾಡಿ. ಒಂದು ಸಂಜೆಯ ಕೆಲಸ. ಎಸ್‌ಓ-239 ಅನ್ನುವ ಚೌಕಾಕಾರದ ಸಾಕೆಟ್ ಒಂದು. ನಡುವಿನ ಪಿನ್ನಿಗೆ 49 ಸೆಂಟಿಮೀಟರ್‌ನ ದಪ್ಪ ತಾಮ್ರದ ಕಡ್ಡಿ ಬೆಸುಗೆ ಹಾಕಿ, ಅದು ನೆಟ್ಟಗೆ ಮೇಲಕ್ಕೆ. ನಾಲ್ಕು ಮೂಲೆಯ ತೂತಿಗೆ 52 ಸೆಂಟಿಮೀಟರ್‌ನ ನಾಲ್ಕು ಕಡ್ಡಿ, ಸ್ಕ್ರೂ ನಟ್ಟು ಹಾಕಿ ಬಿಗಿ ಮಾಡಿ. ಈ ನಾಲ್ಕನ್ನೂ 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಅಡ್ಡಡ್ಡ ಬಿಟ್ಟರೆ ಇಂಪೆಡೆನ್ಸ್ 36 ಓಂ ಹತ್ತಿರ ಇರುತ್ತದೆ, ಬಗ್ಗಿಸಿದರೆ 50ಕ್ಕೆ ಬರುತ್ತದೆ. ಪಿವಿಸಿ ಪೈಪ್ ಮೇಲೆ ಕೂರಿಸಿ, ಮಾಡಿಗಿಂತ ಎತ್ತರಕ್ಕೆ ನಿಲ್ಲಿಸಿ. ರಬ್ಬರ್ ಆಂಟೆನಾ ಬಿಚ್ಚಿ ಇದನ್ನು ಹಾಕಿದ ಕ್ಷಣ ವ್ಯತ್ಯಾಸ ನಿಮಗೇ ಕೇಳುತ್ತದೆ.

ಹೊರಗೆ ನಡೆಯುವಾಗ ಏನು ಮಾಡುವುದು ಅಂತ ಕೇಳುತ್ತೀರಿ. ಹ್ಯಾಂಡಿಯ ಆಂಟೆನಾ ಬುಡದ ಲೋಹದ ಉಂಗುರಕ್ಕೆ 49 ಸೆಂಟಿಮೀಟರ್ ವೈರ್ ಒಂದನ್ನು ಸುತ್ತಿ, ಬಾಲದ ಹಾಗೆ ಕೆಳಗೆ ಇಳಿಬಿಡಿ. ಅಷ್ಟರಿಂದಲೇ ಎಷ್ಟೋ ಸುಧಾರಿಸುತ್ತದೆ.

ಸೋಲ್ಡರ್ ಹೊಗೆ · ಏಪ್ರಿಲ್ 21, ಮಧ್ಯಾಹ್ನ 1:10

ಕೇಬಲ್ ಬಗ್ಗೆ ನಾನು ಹೇಳುತ್ತೇನೆ. ಹೊಸಬರು ಆಂಟೆನಾಗೆ ದುಡ್ಡು ಹಾಕಿ ಕೇಬಲ್‌ನಲ್ಲಿ ಉಳಿಸಲು ಹೋಗುತ್ತಾರೆ. ಹಾನಿ ಆಗುವುದೇ ಅಲ್ಲಿ.

ಆರ್‌ಜಿ-58 ಅನ್ನುವ ಸಣ್ಣ ಕರಿ ಕೇಬಲ್ 15 ಮೀಟರ್ ಹಾಕಿದರೆ, 145 ಮೆಗಾಹರ್ಟ್ಸ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಶಕ್ತಿ ಕೇಬಲ್‌ನಲ್ಲೇ ಹೋಗುತ್ತದೆ. 5 ವಾಟ್ ಹೊರಟು ಮೇಲೆ ತಲುಪುವುದು ಎರಡೂವರೆ. ಅದೇ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಏಳರಲ್ಲಿ ಒಂದು ಪಾಲು ಮಾತ್ರ ತಿನ್ನುತ್ತದೆ. ಹಾಗಾಗಿ ಡೈಪೋಲ್‌ಗೆ ಆರ್‌ಜಿ-58 ಧಾರಾಳವಾಗಿ ಸಾಕು. ಗ್ರೌಂಡ್ ಪ್ಲೇನ್‌ಗೆ ಕೇಬಲ್ ಆದಷ್ಟು ಗಿಡ್ಡ ಇರಲಿ, ಇಲ್ಲವೇ ದಪ್ಪದ ಆರ್‌ಜಿ-213 ತನ್ನಿ.

ಡಿಶ್‌ನ ಆರ್‌ಜಿ-6ನ್ನು ಬಿಸಾಡಬೇಡಿ. ಅದು 75 ಓಂ. 50ಕ್ಕೆ ಹೊಂದದೆ ಎಸ್‌ಡಬ್ಲ್ಯುಆರ್ (ಹೊಂದಿಕೆಯ ಅಳತೆ, 1 ಇದ್ದರೆ ಏನೂ ವಾಪಸ್ ಬರುವುದಿಲ್ಲ) 1.5 ಆಗಬಹುದು, ಆಗ ವಾಪಸ್ ಬರುವುದು ನೂರಕ್ಕೆ 4 ಪಾಲು ಅಷ್ಟೇ. ನಷ್ಟ ಆರ್‌ಜಿ-58ಕ್ಕಿಂತ ಕಡಿಮೆ. ತೊಂದರೆ ಒಂದೇ, ಅದರ ಹೊರಗಿನ ಜಾಳಿಗೆ ಅಲ್ಯೂಮಿನಿಯಂನದು, ಬೆಸುಗೆ ಹಿಡಿಯುವುದಿಲ್ಲ. ಎಫ್ ಕನೆಕ್ಟರ್ ಹಾಕಿ ಅಡಾಪ್ಟರ್ ಜೋಡಿಸಬೇಕು.

ಎಲ್ಲಕ್ಕಿಂತ ಮುಖ್ಯ ನೀರು. ಕೇಬಲ್‌ನ ಬಾಯಿ ತೆರೆದಿದ್ದರೆ ನಿಮ್ಮ ಕಡೆಯ ಮಳೆ ನೀರನ್ನು ಒಳಗಿನ ಜಾಳಿಗೆ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ, ಮೀಟರ್‌ಗಟ್ಟಲೆ ಹೀರುತ್ತದೆ. ನಾನು ಒಂದು ಕೇಬಲ್ ಸುಲಿದು ನೋಡಿದಾಗ ತಾಮ್ರವೆಲ್ಲ ಹಸಿರಾಗಿತ್ತು. ಜೋಡಣೆಯ ಮೇಲೆ ರಬ್ಬರ್ ಟೇಪ್ ಎಳೆದು ಸುತ್ತಿ, ಅದರ ಮೇಲೆ ಮಾಮೂಲಿ ಟೇಪ್. ಡೈಪೋಲ್‌ನ ನಡುವಿನ ಜಾಗಕ್ಕೆ ಎಂ-ಸೀಲ್ ಮೆತ್ತಿ. ಕೇಬಲ್ ಕಿಟಕಿಯೊಳಗೆ ಬರುವ ಮೊದಲು ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕೊಟ್ಟಿಗೆಹಾರದ ಹತ್ತಿರ · ಮೇ 3, ಸಂಜೆ 6:40

ಕಟ್ಟಿದೆ! ಆದರೆ ಒಂದು ಸಮಸ್ಯೆ.

ಎರಡು ಸಿಲ್ವರ್ ಮರದ ನಡುವೆ, 6 ಮೀಟರ್ ಎತ್ತರಕ್ಕೆ. ರಾಟೆ, ಮರಳಿನ ಬಾಟಲಿ ಎಲ್ಲ ಹಾಕಿದೆ. ತಂತಿ ಸರಿಯಾಗಿ 20.1 ಮೀಟರ್ ಇಟ್ಟೆ, ಉಳಿದ ಅರ್ಧರ್ಧ ಮೀಟರನ್ನು ಕತ್ತರಿಸಿಬಿಟ್ಟೆ. ಸ್ನೇಹಿತರ ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಚಿಕ್ಕ ಯಂತ್ರ) ತಂದು ನೋಡಿದರೆ ಎಸ್‌ಡಬ್ಲ್ಯುಆರ್ ಗೆರೆಯಲ್ಲಿ ಗುಂಡಿ ಬಿದ್ದಿರುವುದು 6.85 ಮೆಗಾಹರ್ಟ್ಸ್‌ನಲ್ಲಿ. 7.1ರಲ್ಲಿ ಎಸ್‌ಡಬ್ಲ್ಯುಆರ್ 3ರ ಮೇಲಿದೆ. ಲೆಕ್ಕ ತಪ್ಪಾಯಿತಾ?

ಹಳೇ ಕೀಲಿ · ಮೇ 3, ಸಂಜೆ 7:30

ಲೆಕ್ಕ ಸರಿ ಇದೆ. ಅದು ಬರಿಯ ತಾಮ್ರದ ತಂತಿಗೆ ಹೇಳಿದ್ದು. ನಿಮ್ಮದಕ್ಕೆ ಪಿವಿಸಿ ಹೊದಿಕೆ ಇದೆ. ಹೊದಿಕೆ ಇದ್ದರೆ ಅಲೆ ತಂತಿಯಲ್ಲಿ ಸ್ವಲ್ಪ ನಿಧಾನ ಆಗುತ್ತದೆ, ತಂತಿ ಇರುವುದಕ್ಕಿಂತ ಉದ್ದ ಅನ್ನಿಸಿಕೊಳ್ಳುತ್ತದೆ. ಇದನ್ನು ನಾನು ಮೊದಲೇ ಹೇಳಬೇಕಿತ್ತು.

20.1ನ್ನು 6.85ರಿಂದ ಗುಣಿಸಿ 7.1ರಿಂದ ಭಾಗಿಸಿ. 19.4 ಬರುತ್ತದೆ. ಅಂದರೆ ಒಂದೊಂದು ಕಡೆ 35 ಸೆಂಟಿಮೀಟರ್ ಕಮ್ಮಿ ಆಗಬೇಕು. ಈ ಸಲ ಕತ್ತರಿಸಬೇಡಿ. ತುದಿಯನ್ನು ಇನ್ಸುಲೇಟರ್‌ನಿಂದ ಹಿಂದಕ್ಕೆ ಮಡಚಿ, ಅದೇ ತಂತಿಯ ಮೇಲೆ ಒತ್ತಾಗಿ ಸುತ್ತಿ. ಎರಡೂ ಕಡೆ ಸಮ. ಜಾಸ್ತಿ ಆದರೆ ಬಿಚ್ಚಿಕೊಳ್ಳಬಹುದು.

ಎಸ್‌ಡಬ್ಲ್ಯುಆರ್ 1.5ಕ್ಕೆ ಬಂದರೆ ಅಲ್ಲಿಗೆ ನಿಲ್ಲಿಸಿ. ಕೆಲವರು 1.1 ಮಾಡಲು ವಾರಗಟ್ಟಲೆ ಒದ್ದಾಡುತ್ತಾರೆ. ಆಂಟೆನಾ ಬದಲು ಹಾಕಿ ಶಕ್ತಿಯನ್ನೆಲ್ಲ ಬಿಸಿಯಾಗಿ ಕಳೆಯುವ ಡಮ್ಮಿ ಲೋಡ್‌ನಲ್ಲಿ ಎಸ್‌ಡಬ್ಲ್ಯುಆರ್ 1 ಇರುತ್ತದೆ, ಆದರೆ ಅದು ಪಕ್ಕದ ಮನೆಗೂ ಕೇಳುವುದಿಲ್ಲ.

ಕೊಟ್ಟಿಗೆಹಾರದ ಹತ್ತಿರ · ಮೇ 4, ರಾತ್ರಿ 8:15

ಇವತ್ತು ಬೆಳಿಗ್ಗೆ ಮಡಚಿದೆ. ತಮ್ಮ ಹಗ್ಗ ಇಳಿಸುವುದು, ನಾನು ಮಡಚುವುದು, ಮತ್ತೆ ಏರಿಸುವುದು. ಅಮ್ಮ ಕಣದ ಕಟ್ಟೆ ಮೇಲೆ ಕೂತು ನ್ಯಾನೋವಿಎನ್‌ಎ ಹಿಡಿದುಕೊಂಡಿದ್ದರು. ಪ್ರತಿ ಸಲ "ಗುಂಡಿ ಬಲಕ್ಕೆ ಬಂತು ಕಣೋ" ಅಂತ ಕೂಗುತ್ತಿದ್ದರು. ಮೂರನೇ ಸಲಕ್ಕೆ 7.09ರಲ್ಲಿ ಬಂದು ನಿಂತಿತು. ಎಸ್‌ಡಬ್ಲ್ಯುಆರ್ 1.4.

ಹನ್ನೊಂದು ಗಂಟೆಗೆ ರಿಗ್ ಹಚ್ಚಿದೆ. ಮೈಕ್ ಹಿಡಿದ ಕೈ ನಡುಗುತ್ತಿತ್ತು. ಮೊದಲು ಸಿಕ್ಕಿದ್ದು ಮೈಸೂರು. ಆಮೇಲೆ ಹುಬ್ಬಳ್ಳಿ. ಆಮೇಲೆ ಬೆಂಗಳೂರಿನ ಒಬ್ಬರು, ಫೈವ್ ನೈನ್ (ಸ್ಪಷ್ಟವಾಗಿ, ಗಟ್ಟಿಯಾಗಿ ಕೇಳುತ್ತಿದೆ) ಅಂದರು. ನಾನು ಇರುವ ಜಾಗ ಹೇಳಿದಾಗ ಅವರಿಗೆ ನಂಬಲಾಗಲಿಲ್ಲ. ಇದೇ ಕಣದಲ್ಲಿ ನಿಂತು 2019ರಲ್ಲಿ ಮೊಬೈಲ್ ಎತ್ತಿ ಹಿಡಿದು ಸಿಗ್ನಲ್ ಹುಡುಕಿದ್ದೆವು.

ಎರಡು ವಿಷಯ ಕೇಳಬೇಕು. ಒಂದು, ರೇಡಿಯೋದಲ್ಲಿ ಸೆಕೆಂಡಿಗೊಂದು ಸಲ ಟಿಕ್, ಟಿಕ್ ಅಂತ ಶಬ್ದ, ಗಡಿಯಾರದ ಹಾಗೆ. ಎರಡು, ನಿನ್ನೆ ರಾತ್ರಿ ತಡವಾಗಿ ಹಾಕಿ ಕೇಳಿದಾಗ ಇಂಡೋನೇಷ್ಯಾದವರು ಗಟ್ಟಿಯಾಗಿ ಕೇಳುತ್ತಿದ್ದರು, ಬೆಂಗಳೂರು ಮಾಯ. ಯಾಕೆ?

ಶಿರಸಿ ತೋಟದಿಂದ · ಮೇ 4, ರಾತ್ರಿ 8:50

ಓದಿ ಬಹಳ ಖುಷಿಯಾಯಿತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಟಿಕ್ ಟಿಕ್ ನಿಮ್ಮ ಸೋಲಾರ್ ಬೇಲಿಯದು. ಬೇಲಿಗೆ ಸೆಕೆಂಡಿಗೊಂದು ಪಲ್ಸ್ ಹೋಗುತ್ತದೆ. ತಂತಿಗೆ ಎಲೆಯೋ ಬಳ್ಳಿಯೋ ತಾಗಿದ ಕಡೆ ಸಣ್ಣ ಕಿಡಿ ಹಾರುತ್ತದೆ, ಅದೇ ರೇಡಿಯೋದಲ್ಲಿ ಕೇಳುವುದು. ಕತ್ತಲಾದ ಮೇಲೆ ಬೇಲಿ ಉದ್ದಕ್ಕೂ ನಡೆದು ನೋಡಿ, ಕಿಡಿ ಕಣ್ಣಿಗೇ ಕಾಣುತ್ತದೆ. ಆನೆ ಓಡಾಟ ಇರುವ ದಿನ ಮಾತ್ರ ಹೋಗಬೇಡಿ. ಮುಟ್ಟದೆ ಜಾಗ ಗುರುತು ಮಾಡಿಕೊಂಡು, ಬೆಳಿಗ್ಗೆ ಬೇಲಿ ಆಫ್ ಮಾಡಿ ಸವರಿ. ಬೇಲಿಯೂ ಗಟ್ಟಿಯಾಗುತ್ತದೆ, ಶಬ್ದವೂ ಕಮ್ಮಿಯಾಗುತ್ತದೆ.

ಹಳೇ ಕೀಲಿ · ಮೇ 4, ರಾತ್ರಿ 9:35

ರಾತ್ರಿಯ ಪ್ರಶ್ನೆಗೆ ನಾನು. ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ನಿಧಾನಕ್ಕೆ ತೆಳುವಾಗುತ್ತದೆ. ಒಂದು ಹಂತದ ನಂತರ ನೆಟ್ಟಗೆ ಮೇಲೆ ಹೋದ 7 ಮೆಗಾಹರ್ಟ್ಸ್ ವಾಪಸ್ ಬರುವುದಿಲ್ಲ, ತೂರಿಕೊಂಡು ಹೋಗಿಬಿಡುತ್ತದೆ. ಓರೆಯಾಗಿ ಹೋದದ್ದು ಮಾತ್ರ ತಿರುಗಿ ದೂರದಲ್ಲಿ ಇಳಿಯುತ್ತದೆ. ಅದಕ್ಕೇ ಇಂಡೋನೇಷ್ಯಾ ಸಿಕ್ಕಿ ಬೆಂಗಳೂರು ತಪ್ಪಿದ್ದು. ಆ ಹೊತ್ತಿಗೆ 80 ಮೀಟರ್ ಬ್ಯಾಂಡ್‌ಗೆ (3.6 ಮೆಗಾಹರ್ಟ್ಸ್ ಸುತ್ತಿಗೆ) ಇಳಿಯಬೇಕು.

ಹೊಸ ಆಂಟೆನಾ ಬೇಡ. ಅದೇ ನಡುವಿನ ಜಾಗಕ್ಕೆ, ಅದೇ ಕೇಬಲ್‌ಗೆ ಇನ್ನೊಂದು ಜೊತೆ ಕಾಲು ಸೇರಿಸಿ. 3.6ಕ್ಕೆ ಲೆಕ್ಕದಲ್ಲಿ ಒಂದೊಂದು ಕಡೆ ಸುಮಾರು 19.9 ಮೀಟರ್. ನಿಮ್ಮದು ಹೊದಿಕೆ ವೈರ್, ಹಾಗಾಗಿ ಮಡಚಿ ಕಮ್ಮಿ ಮಾಡಬೇಕಾಗುತ್ತದೆ, ಈಗ ಅದು ಗೊತ್ತಲ್ಲ. ಎರಡು ಜೊತೆಯ ತುದಿಗಳು ಹತ್ತಿರ ಇರಬಾರದು. ಒಂದು ಜೊತೆ ಪೂರ್ವ ಪಶ್ಚಿಮ ಇದ್ದರೆ ಇನ್ನೊಂದನ್ನು ಉತ್ತರ ದಕ್ಷಿಣಕ್ಕೆ ಎಳೆಯಿರಿ. ಸೇರಿಸಿದ ಮೇಲೆ 40 ಮೀಟರ್‌ನದನ್ನೂ ಮತ್ತೊಮ್ಮೆ ಅಳೆಯಿರಿ, ಸ್ವಲ್ಪ ಸರಿದಿರುತ್ತದೆ.

ನಮ್ಮ ಭಾಗದಲ್ಲಿ, ಅಂದರೆ ಅಂತರರಾಷ್ಟ್ರೀಯ ಹ್ಯಾಮ್ ಒಕ್ಕೂಟದ ಮೂರನೇ ವಲಯದಲ್ಲಿ, ಆಪತ್ತಿನ ಸಂದೇಶಕ್ಕೆ ಎಲ್ಲರೂ ಮೊದಲು ಕಿವಿ ಕೊಡುವ ಜಾಗಗಳು 3.600, 7.110, 14.300 ಮೆಗಾಹರ್ಟ್ಸ್. ರಿಗ್‌ನ ಮೇಲೆ ಒಂದು ಚೀಟಿ ಅಂಟಿಸಿಡಿ. ಗಾಬರಿಯಲ್ಲಿ ನೆನಪಾಗುವುದಿಲ್ಲ.

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರು ಹ್ಯಾಮ್ ರೇಡಿಯೋ ತಂಡದ ಜೊತೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಸುಮ್ಮನೆ ದೂರದವರ ಜೊತೆ ಮಾತಾಡಲೆಂದು ಹಾಕಿದ್ದ ಆಂಟೆನಾಗಳು ಅವು. ಅಂಡಮಾನಿನ ಸುದ್ದಿ ಹೊರಗೆ ಬರಲು ಅವೇ ದಾರಿಯಾದವು. ಅವು ಮೊದಲೇ ನಿಂತಿದ್ದವು, ಮೊದಲೇ ಮಾತಾಡಿ ಅಭ್ಯಾಸ ಇತ್ತು. ಹಾಗಾಗಿ ನಿಮಗೂ ಹೇಳುವುದು, ದಿನಕ್ಕೆ ಹತ್ತು ನಿಮಿಷ ಹಾಕಿ. ಯಾವ ಹೊತ್ತಿಗೆ ಯಾವ ಊರು ಸಿಗುತ್ತದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಮೇಷ್ಟ್ರ ಮಗಳು · ಮೇ 5, ಬೆಳಿಗ್ಗೆ 7:00

ಅಭ್ಯಾಸ ಮಾಡುವಾಗ ಮೇನ್ ಸ್ವಿಚ್ ಆಫ್ ಮಾಡಿ ಬ್ಯಾಟರಿಯಲ್ಲೇ ಮಾಡಿ. 100 ವಾಟ್‌ನಲ್ಲಿ ಮಾತಾಡಿದರೆ ರಿಗ್ 20 ಆಂಪಿಯರ್ ಎಳೆಯುತ್ತದೆ. ಶಕ್ತಿಯನ್ನು 20–25 ವಾಟ್‌ಗೆ ಇಳಿಸಿ ನೋಡಿ. ಆಂಟೆನಾ ಸರಿ ಇದ್ದರೆ ಬೆಂಗಳೂರಿನವರಿಗೆ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ, ನಿಮ್ಮ ಬ್ಯಾಟರಿ ಮಾತ್ರ ಬಹಳ ಹೊತ್ತು ಬರುತ್ತದೆ.

ಕೊಟ್ಟಿಗೆಹಾರದ ಹತ್ತಿರ · ಜೂನ್ 16, ರಾತ್ರಿ 10:05

ಮಳೆ ಹಿಡಿದು ನಾಲ್ಕು ದಿನ. ನಿನ್ನೆ ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಈಗ ತಾನೇ ಬಂತು.

ನಿನ್ನೆ ಮಧ್ಯಾಹ್ನ ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ, 25 ವಾಟ್‌ನಲ್ಲಿ, ಬೆಂಗಳೂರು ಫೈವ್ ಸೆವೆನ್. ಬೇಲಿ ಸವರಿದ ಮೇಲೆ ಟಿಕ್ ಟಿಕ್ ಬಹುತೇಕ ಹೋಗಿದೆ. ಒಂದು ಕಡೆ ಸಿಲ್ವರ್ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ಮರಳಿನ ಬಾಟಲಿ ರಾಟೆಯವರೆಗೂ ಏರಿತ್ತು, ತಂತಿ ಹರಿದಿರಲಿಲ್ಲ. ಕೊಂಬೆ ಜಾರಿಸಿದ ಮೇಲೆ ಬಾಟಲಿ ತಾನಾಗಿ ಕೆಳಗಿಳಿಯಿತು. ಗ್ರೌಂಡ್ ಪ್ಲೇನ್ ಮಾಡಿನ ಮೇಲೆ ನಿಂತಿದೆ. ಕೆಳಗಿನ ಮನೆಯ ಹುಡುಗಿ ಪಿಯುಸಿ ಓದುತ್ತಿದ್ದಾಳೆ, ಪರೀಕ್ಷೆಗೆ ಹೆಸರು ಕೊಡುತ್ತೇನೆ ಅಂದಿದ್ದಾಳೆ. ಬೆಂಗಳೂರಿನಲ್ಲಿ ಅಕ್ಕನೂ ಓದಲು ಶುರು ಮಾಡಿದ್ದಾಳೆ. ಅವಳ ಮನೆ ಮಹಡಿಯ ಮೇಲೆ 20 ಮೀಟರ್ ಜಾಗ ಇಲ್ಲ, ಅದಕ್ಕೆ ಏನು ಮಾಡುವುದು ಅಂತ ಆಮೇಲೆ ನಿಮ್ಮನ್ನೆಲ್ಲ ಕೇಳುತ್ತೇನೆ.

80 ಮೀಟರ್‌ನ ಕಾಲುಗಳಿಗೆ ವೈರ್ ತಂದಿಟ್ಟಿದ್ದೇನೆ. ಮಳೆ ಒಂದು ದಿನ ಬಿಡುವು ಕೊಟ್ಟರೆ ಏರಿಸುತ್ತೇನೆ.

ಹಳೇ ಕೀಲಿ · ಜೂನ್ 16, ರಾತ್ರಿ 10:20

ಅಕ್ಕನಿಗೆ ಇನ್ವರ್ಟೆಡ್ ವೀ ಹೇಳಿ. ನಡುವೆ ಒಂದೇ ಕಂಬ, ಕಾಲುಗಳು ಎರಡು ಕಡೆ ಇಳಿಜಾರು. ತುದಿಗಳನ್ನು ಪ್ಯಾರಪೆಟ್ ಗುಂಟ ಬಗ್ಗಿಸಿದರೂ ಕೆಲಸ ಮಾಡುತ್ತದೆ. ಕಟ್ಟುವ ದಿನ ಹೇಳಿ, ನಾನೇ ಹೋಗಿ ನಿಂತು ಕಟ್ಟಿಸಿ ಕೊಡುತ್ತೇನೆ, ನಮ್ಮ ಮನೆ ಇಲ್ಲೇ ಬೆಂಗಳೂರಿನಲ್ಲಿ.

ನೀವು 80 ಏರಿಸಿದ ದಿನ ರಾತ್ರಿ 9ಕ್ಕೆ 3.600ರಿಂದ ಸ್ವಲ್ಪ ಮೇಲೆ, ಖಾಲಿ ಇದ್ದ ಕಡೆ ಕರೆಯಿರಿ. ನಾನು ಕೇಳುತ್ತಿರುತ್ತೇನೆ. 73 (ನಮ್ಮ ಹ್ಯಾಮ್ ಭಾಷೆಯಲ್ಲಿ ಶುಭಾಶಯ).